ಸಿಲುಕಿದ ಬುದ್ಧಿಹಲ್ಲು: ಚಿಕಿತ್ಸೆಯ ದಾರಿಗಳು

ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಹುಟ್ಟುವ ಮೂರನೆಯ ದವಡೆಹಲ್ಲು ಜಾಗ ಸಾಲದೆ ಮೂಳೆಯಲ್ಲೋ ವಸಡಿನಡಿಯಲ್ಲೋ ಉಳಿದುಬಿಡುವ ಸ್ಥಿತಿಯೇ ಸಿಲುಕಿದ ಬುದ್ಧಿಹಲ್ಲು. ಇದು ಕೆಳದವಡೆಯಲ್ಲಿ ಹೆಚ್ಚು.

ತೊಂದರೆ ಕೊಡದ ಹಲ್ಲನ್ನು ಕೀಳಲೇಬೇಕೆಂದಿಲ್ಲ; ಆಗಾಗ ಪರೀಕ್ಷಿಸುತ್ತಿದ್ದರೆ ಸಾಕು. ಬ್ರಿಟನ್ನಿನ ಆರೋಗ್ಯ ಸಂಸ್ಥೆ 'ನೈಸ್' 2000ದಲ್ಲಿ ಹೇಳಿದ್ದೂ ಇದನ್ನೇ. ಮೇಲೆ ಮುಚ್ಚಿದ ವಸಡು ಬಾತರೆ ಶುಚಿಗೊಳಿಸಿ, ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಲು ಹೇಳುತ್ತಾರೆ. ಹಲ್ಲು ನೆಟ್ಟಗಿದ್ದರೆ ಆ ವಸಡನ್ನಷ್ಟೇ ಕತ್ತರಿಸುವುದುಂಟು. ಬಾವು ಮರುಕಳಿಸಿದರೆ, ಹುಳುಕು ಅಥವಾ ಗಂತಿ ಕಂಡರೆ ಹಲ್ಲನ್ನು ತೆಗೆಯುವುದೇ ಸರಿ. ಎಕ್ಸ್‌ರೇ ನೋಡಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡು ಬಿಡಿಸಿ, ಬೇಕಾದರೆ ಹಲ್ಲನ್ನು ತುಂಡರಿಸಿ ಹೊರತೆಗೆಯುತ್ತಾರೆ. ಬೇರು ಕೆಳದವಡೆಯ ನರಕ್ಕೆ ತಾಗಿದ್ದರೆ ತುಟಿ ಜೋಮುಗಟ್ಟುವ ಅಪಾಯವಿದೆ. ಆಗ ಮೇಲ್ಭಾಗ ಮಾತ್ರ ಕತ್ತರಿಸಿ ಬೇರನ್ನು ಹಾಗೆಯೇ ಉಳಿಸುವ ಕ್ರಮವೂ ಇದೆ.

ಗುಟ್ಕಾ, ಅಡಿಕೆ ಅಗಿಯುವವರಲ್ಲಿ ಬಾಯಿಯ ಒಳಪದರ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗಬಹುದು. ಶಸ್ತ್ರಕ್ರಿಯೆಗೆ ಇದು ದೊಡ್ಡ ತೊಡಕು. ಕಿತ್ತ ಮೇಲೆ ಬೀಡಿ ಸೇದಿದರೆ ಗಾಯದ ಹೆಪ್ಪು ಕಳಚಿ ತೀವ್ರ ನೋವು ಬರಬಹುದು. ಬಾಯಿ ತೆರೆಯಲಾಗದಷ್ಟು ಊತ, ಜ್ವರ, ನುಂಗಲು ಅಥವಾ ಉಸಿರಾಡಲು ಕಷ್ಟ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.