ಜಾರುವ ತಂತಿ, ನಿಲ್ಲುವ ಶ್ರುತಿ

ಮುಳಬಾಗಿಲಿನಲ್ಲಿ ಹದಿನೈದನೆಯ ಶತಮಾನದ ಶ್ರೀಪಾದರಾಜರ ಮಠವಿದೆ. ಅದೇ ಊರಿನಲ್ಲಿ ಹೈದರ್ ವಲಿಯವರ ದರ್ಗಾ ಇದೆ. ಹರಿದಾಸರ ದೇವರನಾಮಕ್ಕೆ ತಂಬೂರಿ ಬೇಕು, ಉರೂಸಿನ ಕವ್ವಾಲಿಗೆ ಹಾರ್ಮೋನಿಯಂ ಬೇಕು. ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಕೈವಾರದ ತಾತಯ್ಯನವರ ತತ್ವಪದ ಹಾಡುವವರಿಗೆ ಏಕತಾರಿಯೇ ಸಾಕು. ಹಾಡು ಬೇರೆ, ಭಾಷೆ ಬೇರೆ, ಭಕ್ತಿಯ ದಾರಿ ಬೇರೆ. ಆದರೆ ಮೂರರ ಬುಡದಲ್ಲೂ ಕದಲದೆ ನಿಂತ ಒಂದು ಷಡ್ಜವಿದೆ. ಕಡಲಾಚೆಯಿಂದ ಬಂದ ವಾದ್ಯವೊಂದು ಈ ಷಡ್ಜಕ್ಕೆ ಹೇಗೆ ಹೊಂದಿಕೊಂಡಿತು ಎಂಬುದು ನಾವು ತಿಳಿಯಬೇಕಾದ ಚರಿತ್ರೆ. ಆ ವಾದ್ಯ ಹವಾಯಿಯನ್ ಗಿಟಾರ್.

ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಈ ಪದ್ಧತಿಯ ಕೀರ್ತಿ ಸಾಮಾನ್ಯವಾಗಿ ಹವಾಯಿ ದ್ವೀಪದ ಜೋಸೆಫ್ ಕೆಕುಕುಗೆ ಸಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಶಾಲಾ ಬಾಲಕನಾಗಿದ್ದಾಗಲೇ ಆತ ಇದನ್ನು ರೂಢಿಸಿಕೊಂಡ ಎನ್ನುತ್ತಾರೆ. ಅವನಿಗಿಂತ ಮೊದಲೇ ಭಾರತದಲ್ಲಿ ಹುಟ್ಟಿದ ಗೇಬ್ರಿಯಲ್ ಡೇವಿಯನ್ ಎಂಬಾತ ಅಲ್ಲಿ ಹೀಗೆ ನುಡಿಸುತ್ತಿದ್ದ ಎಂಬ ವಾದವೂ ಇದೆ. ಅದು ಖಚಿತವಾಗಿಲ್ಲ. ಆದರೆ ತಂತಿಯ ಮೇಲೆ ಏನನ್ನಾದರೂ ಜಾರಿಸಿ ನುಡಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದ 'ಸಂಗೀತ ರತ್ನಾಕರ' ವರ್ಣಿಸುವ ಏಕತಂತ್ರೀ ವೀಣೆಯನ್ನು ನುಡಿಸುತ್ತಿದ್ದುದು ಹಾಗೆಯೇ. ಮೆಟ್ಟಿಲುಗಳಿಲ್ಲದ ಗೋಟುವಾದ್ಯ ದಕ್ಷಿಣದಲ್ಲಿ ಬೆಳೆಯಿತು. ಮೈಸೂರು ಅರಸರ ಮನ್ನಣೆ ಪಡೆದ ನಾರಾಯಣ ಅಯ್ಯಂಗಾರ್ ಅದಕ್ಕೆ ಹೆಸರು ತಂದರು. ಉತ್ತರದಲ್ಲಿ ಪಟಿಯಾಲದ ಅಬ್ದುಲ್ ಅಜೀಜ್ ಖಾನ್ ಗಾಜಿನ ಗುಂಡು ಜಾರಿಸಿ ವಿಚಿತ್ರ ವೀಣೆಗೆ ಜೀವ ತುಂಬಿದರು.

ಹವಾಯಿಯ ಕಲಾವಿದರು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಭಾರತಕ್ಕೆ ಬಂದರು. ಟೌ ಮೊ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ಅನೇಕರಿಗೆ ಕಲಿಸಿದರು. ಬಂಗಾಳದ ಕವಿ ಕಾಜಿ ನಜ್ರುಲ್ ಇಸ್ಲಾಂ ಅವರ ಮಗ ಕಾಜಿ ಅನಿರುದ್ಧ ಈ ಗಿಟಾರಿನ ಹೆಸರಾಂತ ವಾದಕರಾದರು. ಲಖನೌದ ಕ್ರೈಸ್ತ ವಾದಕ ವ್ಯಾನ್ ಶಿಪ್ಲಿ ಅದನ್ನು ಹಿಂದಿ ಚಿತ್ರಗೀತೆಗಳಿಗೆ ತಂದರು.

ಇನ್ನು ಶ್ರುತಿಯ ಮಾತು. ಸಾಧಾರಣ ಗಿಟಾರಿನಲ್ಲಿ ಒಂದೊಂದು ಬೆರಳು ಒಂದೊಂದು ತಂತಿಯನ್ನು ಬೇರೆ ಬೇರೆ ಕಡೆ ಒತ್ತಬಲ್ಲದು. ಉಕ್ಕಿನ ತುಂಡು ನೇರವಾದದ್ದು. ಅದು ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ಮುಟ್ಟುತ್ತದೆ. ಆದ್ದರಿಂದ ಬೆರಳು ಮಾಡಬೇಕಾದ ಆಯ್ಕೆಯನ್ನು ಇಲ್ಲಿ ಬಿರಡೆಯೇ ಮೊದಲು ಮಾಡಿ ಮುಗಿಸಿರಬೇಕು. ಶ್ರುತಿ ಕೂಡಿಸುವಾಗಲೇ ಯಾವ ಸಂಗೀತ ಸಾಧ್ಯ, ಯಾವುದು ಕಷ್ಟ ಎಂಬುದು ನಿರ್ಧಾರವಾಗುತ್ತದೆ.

ಹವಾಯಿಯವರ ಹಳೆಯ ಶ್ರುತಿಗಳಲ್ಲಿ ಒಂದು 'ಓಪನ್ ಜಿ'. ದಪ್ಪ ತಂತಿಯಿಂದ ಹೇಳುವುದಾದರೆ ಡಿ, ಜಿ, ಡಿ, ಜಿ, ಬಿ, ಡಿ. ನಮ್ಮ ಮಾತಿನಲ್ಲಿ ಪ, ಸ, ಪ, ಸ, ಗ, ಪ. ಸಾಧಾರಣ ಶ್ರುತಿಯಿಂದ ಇದಕ್ಕೆ ಬರಲು ಮೂರು ತಂತಿ ಸಡಿಲಿಸಿದರೆ ಸಾಕು, ವಾದ್ಯಕ್ಕೆ ಅಪಾಯವಿಲ್ಲ. 'ಓಪನ್ ಎ' ಶ್ರುತಿಯ ಒಂದು ರೂಪಕ್ಕೆ ಮೂರು ತಂತಿಗಳನ್ನು ಬಿಗಿ ಮಾಡಬೇಕು. ಹಗುರ ಗಿಟಾರಿನಲ್ಲಿ ತಂತಿ ಹರಿಯಬಹುದು, ಕತ್ತು ಬಾಗಬಹುದು. ಮತ್ತೊಂದು 'ಸಿ ಸಿಕ್ಸ್ತ್': ಸ, ಗ, ಪ, ಧ, ಸ, ಗ. ಕರ್ನಾಟಕ ಸಂಗೀತ ಬಲ್ಲವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಮೋಹನ ರಾಗದ ಐದು ಸ್ವರಗಳಲ್ಲಿ ರಿಷಭ ಬಿಟ್ಟು ನಾಲ್ಕೂ ಇಲ್ಲಿ ಕೈ ಹಾಕದೆಯೇ ಸಿಗುತ್ತವೆ. ಸ-ಗ-ಪ ಒಂದು ಗುಚ್ಛ, ಧ-ಸ-ಗ ಇನ್ನೊಂದು. ಒಂದು ಉಲ್ಲಾಸದ್ದು, ಇನ್ನೊಂದು ವಿಷಾದದ್ದು. ಹಗುರ ಸಂಗೀತಕ್ಕೆ ಇದು ಒಗ್ಗಿದ್ದು ಇದರಿಂದಲೇ.

ಆದರೆ ಇದೇ ಗಾಂಧಾರ ರಾಗ ಸಂಗೀತಕ್ಕೆ ತೊಡಕು. ತೋಡಿಯಲ್ಲೋ ಖರಹರಪ್ರಿಯದಲ್ಲೋ ಬರುವುದು ಸಾಧಾರಣ ಗಾಂಧಾರ. ಬಿಟ್ಟ ತಂತಿ ಅಂತರ ಗಾಂಧಾರವನ್ನು ಮಿಡಿಯುತ್ತಲೇ ಇದ್ದರೆ ರಾಗ ಕೆಡುತ್ತದೆ. ವೀಣೆಯವರು ಇದನ್ನು ಎಂದೋ ಬಗೆಹರಿಸಿದ್ದಾರೆ: ಸಾರಣಿ, ಪಂಚಮ, ಮಂದ್ರ, ಅನುಮಂದ್ರ ನಾಲ್ಕೂ ಸ ಮತ್ತು ಪ ಮಾತ್ರ. ಗೋಟುವಾದ್ಯದ ದಾರಿಯೂ ಅದೇ. ಪಂಚಮವೇ ಇಲ್ಲದ ಹಿಂದೋಳಕ್ಕೆ ತಂಬೂರಿಯ ಪಂಚಮವನ್ನೂ ಮಧ್ಯಮಕ್ಕೆ ಇಳಿಸುತ್ತಾರೆ. ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನು ರಾಗಕ್ಕೆ ಒಗ್ಗಿಸಿದಾಗ ಮಾಡಬೇಕಾಗಿದ್ದುದು ಇಂಥ ಆಯ್ಕೆಯನ್ನೇ. 1967ರ 'ಕಾಲ್ ಆಫ್ ದ ವ್ಯಾಲಿ' ಧ್ವನಿಮುದ್ರಿಕೆ ಅವರನ್ನು ಮನೆಮನೆಗೆ ಮುಟ್ಟಿಸಿತು. ವಿಶ್ವಮೋಹನ ಭಟ್ಟರು ತಮ್ಮ ಮೋಹನ ವೀಣೆಯಿಂದ 1994ರಲ್ಲಿ ಗ್ರ್ಯಾಮಿ ಪಡೆದರು.

ನಮ್ಮ ನಾಡಿನಲ್ಲಿ ಇಂಥ ಪ್ರಯೋಗ ಸಿತಾರಿನಲ್ಲೂ ನಡೆಯಿತು. ಬಂದೇ ಅಲಿ ಖಾನರ ಶಿಷ್ಯ 'ಸಿತಾರ್ ರತ್ನ' ರಹಿಮತ್ ಖಾನ್ ಧಾರವಾಡದಲ್ಲಿ ನೆಲೆಸಿ, ಸಿತಾರಿನ ತಂತಿಗಳ ಜೋಡಣೆಯನ್ನೇ ಬದಲಿಸಿ ಮಂದ್ರದ ಆಳವನ್ನು ಹೆಚ್ಚಿಸಿದರು. ಅವರ ಮೊಮ್ಮಗ ಬಾಲೇ ಖಾನ್ 2007ರವರೆಗೆ ಆ ಪರಂಪರೆಯನ್ನು ನಡೆಸಿದರು. ಆಗ್ರಾ ಘರಾಣೆಯ ನತ್ಥನ್ ಖಾನ್ ಮೈಸೂರು ಆಸ್ಥಾನದಲ್ಲಿದ್ದರು. ಸಂಗೀತ ಎಷ್ಟರಮಟ್ಟಿಗೆ ಸರಿ ಎಂಬ ಬಗ್ಗೆ ಮುಸ್ಲಿಮರಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ, ಅದು ಬೇರೆಯೇ ಚರ್ಚೆ. ಆದರೆ ನಡೆದ ಚರಿತ್ರೆಯನ್ನು ಆ ಚರ್ಚೆಯ ನೆಪದಲ್ಲಿ ನಾವೇ ಮರೆತರೆ, ಮುಸ್ಲಿಮರು ಈ ನಾಡಿನ ಸಂಸ್ಕೃತಿಗೆ ಹೊರಗಿನವರು ಎನ್ನುವವರ ಕೆಲಸ ಸುಲಭವಾಗುತ್ತದೆ.

ಯಾವ ವಾದ್ಯ ಸ್ವದೇಶಿ, ಯಾವುದು ಪರಕೀಯ ಎಂಬ ಪ್ರಶ್ನೆಯನ್ನು ಆಕಾಶವಾಣಿ ಒಮ್ಮೆ ಕೇಳಿಕೊಂಡಿತ್ತು. 1940ರಲ್ಲಿ ಹಾರ್ಮೋನಿಯಂ ನಿಷೇಧವಾಯಿತು. ಪರದೇಶದ್ದು ಎಂಬ ಆಕ್ಷೇಪದ ಜೊತೆಗೆ, ಅದರಲ್ಲಿ ಗಮಕ ಬಾರದು ಎಂಬ ನಿಜವಾದ ಕೊರತೆಯೂ ಇತ್ತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಅಷ್ಟೂ ವರ್ಷ ಉರೂಸಿನಲ್ಲೂ ಹರಿಕಥೆಯಲ್ಲೂ ನಾಟಕದಲ್ಲೂ ಹಾರ್ಮೋನಿಯಂ ನುಡಿಯುತ್ತಲೇ ಇತ್ತು. ಜನ ಅದನ್ನು ಬಿಡಲಿಲ್ಲ. ಜಾರು ಗಿಟಾರಿಗಾದರೋ ಆ ಕೊರತೆಯೂ ಇಲ್ಲ; ಕಂಠದಂತೆಯೇ ಅದು ಸ್ವರದಿಂದ ಸ್ವರಕ್ಕೆ ಜಾರಬಲ್ಲದು.

ಈ ವಾದ್ಯ ಕಲಿಯಬೇಕೆನ್ನುವ ನಮ್ಮ ಮಕ್ಕಳಿಗೆ ಹೇಳಬಹುದಾದದ್ದು ಇಷ್ಟು: ಚಿತ್ರಗೀತೆಯ ಗುಚ್ಛಗಳು ಬೇಕಿದ್ದರೆ ಗಾಂಧಾರ ಇರಲಿ, ರಾಗ ಬೇಕಿದ್ದರೆ ಗಾಂಧಾರ ತೆಗೆದು ಸ-ಪ ಉಳಿಸಿ. ವಾದ್ಯ ಎಲ್ಲಿಂದ ಬಂತು ಎಂಬುದು ಹಡಗಿನ ಲೆಕ್ಕ. ಅದು ಯಾರದ್ದು ಎಂಬುದನ್ನು ತೀರ್ಮಾನಿಸುವುದು ಅದನ್ನು ಯಾವ ಶ್ರುತಿಗೆ ಕೂಡಿಸಿಕೊಂಡೆವು ಎಂಬುದು.