ಹಿತ್ತಿಲೋಣಿಯ ಇತಿಹಾಸ



ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಬೀದಿಗಳಲ್ಲಿ ಸಂಚರಿಸಿದವರಿಗೆ, ಮನೆಗಳ ಸಾಲಿನ ಹಿಂಬದಿಯಲ್ಲಿ ಹಾದುಹೋಗುವ ಕಿರಿದಾದ ಓಣಿಗಳು ಪರಿಚಿತವಾಗಿರಬಹುದು. ಮುಂಬಾಗಿಲಿಗೆ ಬಂದ ಅತಿಥಿಗೆ ಅವು ಗೋಚರವಾಗುವುದಿಲ್ಲ. ಜಲಗಾರರು ಮನೆಮನೆಯ ಹೊಲಸನ್ನು ಹೊತ್ತು ಸಾಗಿಸಲೆಂದು ಬಿಟ್ಟ ಹಾದಿಗಳವು. ನಗರದ ಆರೋಗ್ಯದ ಇತಿಹಾಸವನ್ನು ಈ ಓಣಿಯಿಂದಲೇ ಆರಂಭಿಸುವುದು ಉಚಿತವೆಂದು ಭಾವಿಸುತ್ತೇನೆ.

1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಆಗ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರು, ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾಗಿ ನಿಯುಕ್ತರಾದರು. ಹಳೆಯ ಪೇಟೆಯಲ್ಲಿ ಮನೆಗೆ ಮನೆ ತಾಗಿದ್ದಿತು. ಮಣ್ಣಿನ ಗೋಡೆ, ಕಿಟಕಿಯಿಲ್ಲದ ಒಳಕೋಣೆ, ಅಲ್ಲಿಯೇ ಧಾನ್ಯದ ಸಂಗ್ರಹ, ಬಾಗಿಲ ಮುಂದೆ ತೆರೆದ ಚರಂಡಿ. ಹೆಸರುಘಟ್ಟದಿಂದ ನಳದ ನೀರು ಅದೇ ದಶಕದಲ್ಲಿ ಊರಿಗೆ ಬಂದಿತ್ತು; ಆದರೆ ಒಳಗೆ ಬಂದ ನೀರು ಬಚ್ಚಲಾಗಿ ಹೊರಗೆ ಹೋಗಲು ತಕ್ಕ ದಾರಿಯಿರಲಿಲ್ಲ.

ಅಧಿಕಾರಿಗಳು ಮನೆಮನೆಯನ್ನೂ ಪರೀಕ್ಷಿಸಿದರು. ಹೆಂಚುಗಳನ್ನು ತೆಗೆಸಿ ಒಳಗೆ ಬಿಸಿಲನ್ನು ಬಿಡಿಸಿದರು. ಗೋಡೆಗಳಿಗೆ ಔಷಧದ ನೀರನ್ನು ಎರಚಿಸಿದರು. ರೋಗಿಯನ್ನು ಬಂಧುಗಳಿಂದ ಬೇರ್ಪಡಿಸಿದರು. ಜನರಿಗೆ ಪ್ಲೇಗಿನಷ್ಟೇ ಭಯ ಈ ತಪಾಸಣೆಯದೂ ಆಯಿತು. ಪೂನಾದಲ್ಲಿ ಇಂತಹ ಶೋಧನೆಯ ಕಾಠಿಣ್ಯದಿಂದ ರೊಚ್ಚೆದ್ದವರು 1897ರಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯನ್ನು ಕೊಂದೇಬಿಟ್ಟರು. ರೋಗಿಯನ್ನು ಬಚ್ಚಿಡುವುದು ಅಪರಾಧವೆಂದು ಸರ್ಕಾರ ತಿಳಿದರೆ, ತಾಯಿಯನ್ನು ಒಪ್ಪಿಸಿಬಿಡುವುದು ಪಾಪವೆಂದು ಮನೆಯವರು ತಿಳಿದರು. ಇಬ್ಬರನ್ನೂ ನಾವು ಸುಲಭವಾಗಿ ದೂಷಿಸಲಾರೆವು.

ವಿಚಿತ್ರವೇನೆಂದರೆ, ಕೊಳೆತ ಚರಂಡಿಯೇ ಪ್ಲೇಗಿನ ಮೂಲವೆಂದು ಅನೇಕರು ನಂಬಿದ್ದುದು ಸರಿಯಾಗಿರಲಿಲ್ಲ. ರೋಗಾಣುವನ್ನು ಯೆರ್ಸಿನ್ 1894ರಲ್ಲಿಯೇ ಕಂಡುಹಿಡಿದಿದ್ದನು. ಅದನ್ನು ಇಲಿಯಿಂದ ಮನುಷ್ಯನಿಗೆ ಒಯ್ಯುವುದು ಚಿಗಟವೆಂದು ಸಿಮೊನ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿ ತೋರಿಸಿದನು. ಆ ಮಾತು ಅಂಗೀಕೃತವಾಗಲು ಹಲವು ವರ್ಷಗಳೇ ಹಿಡಿದುವು. ನಮ್ಮ ಹಳ್ಳಿಗರಾದರೋ ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಕಾರಣವನ್ನರಿಯದಿದ್ದರೂ ಅವರ ನಡತೆ ಸರಿಯಾಗಿತ್ತು. ಹಾಗೆಂದು ಚರಂಡಿಯ ಕೆಲಸ ವ್ಯರ್ಥವಾಯಿತೇ? ಇಲ್ಲ. ಕಾಲರಾ, ವಿಷಮಶೀತಜ್ವರಗಳಿಗೆ ಮಲಿನವಾದ ನೀರೇ ವಾಹನ. ಒಂದು ಶತ್ರುವನ್ನು ಹುಡುಕಿ ಹೊರಟವರು ಮತ್ತೊಂದನ್ನು ತಡೆದರು.

ಬೆದರಿಕೆಗಿಂತ ಹೆಚ್ಚು ಫಲವನ್ನಿತ್ತುದು ನಿವೇಶನ. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅಗಲವಾದ ಬೀದಿ, ಮನೆಯ ಸುತ್ತ ಬಯಲು, ಹಿಂದೆ ಓಣಿ ಇವುಗಳಿಗೆ ಎಡೆ ದೊರೆಯಿತು. ಮೈಸೂರಿನಲ್ಲಿ ಇದೇ ಉದ್ದೇಶದಿಂದ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ಸ್ಥಾಪಿತವಾಯಿತು. ಇರುವ ಮನೆ ಕೆಟ್ಟದೆಂದು ಹೇಳುವುದರೊಡನೆ, ಒಳ್ಳೆಯ ಮನೆಗೆ ಸ್ಥಳವನ್ನೂ ತೋರಿಸಿದಾಗ ಮಾತ್ರ ತಪಾಸಣೆ ಉಪಕಾರವಾಗುತ್ತದೆ. ಇಲ್ಲವಾದರೆ ಅದು ಬಡವನಿಗೆ ದಂಡ.

ಆದರೂ ಒಂದು ಲೆಕ್ಕ ಬಾಕಿಯುಳಿಯಿತು. ಹೊಸ ಬಡಾವಣೆಯಲ್ಲಿ ಮನೆ ಕಟ್ಟಲು ಹಣ ಬೇಕಾಗಿತ್ತು; ಅದಿಲ್ಲದವನು ಪೇಟೆಯ ಇಕ್ಕಟ್ಟಿನಲ್ಲಿಯೇ ಉಳಿದನು. ಇನ್ನು ಹಿತ್ತಿಲೋಣಿಯಲ್ಲಿ ಹೊಲಸು ಹೊತ್ತು ನಡೆದವನ ಪಾಡೇನು? ಮಲ ಹೊರುವ ವೃತ್ತಿಯನ್ನು ಶಾಸನವು 1993ರಲ್ಲಿ ನಿಷೇಧಿಸಿತು. 2013ರಲ್ಲಿ ಮತ್ತಷ್ಟು ಬಲವಾದ ಶಾಸನ ಬೇಕಾಯಿತು. ಮಹಾನುಭಾವರ ಮನೆಗಳ ಚರಂಡಿಯನ್ನು ಪರೀಕ್ಷಿಸಿದ ಕಣ್ಣು, ಆ ಚರಂಡಿಯನ್ನು ತೊಳೆದವನ ಗುಡಿಸಲನ್ನು ಎಷ್ಟು ಸಲ ನೋಡಿತು? ಆ ಓಣಿಯಲ್ಲಿ ನಡೆಯುವಾಗ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ.