ಮೂರೂವರೆ ದೊಡ್ಡದೋ, ಎರಡು ದೊಡ್ಡದೋ?

ಬೋರ್‌ವೆಲ್ ಮೋಟರ್ ಕೊಳ್ಳಲು ಹೋದವರು ಮೊದಲು ಕೇಳುವುದು ಎಚ್‌ಪಿ ಎಷ್ಟು ಅಂತ. ಬೋರಿನ ಆಳ ನೋಡದೆ ಬರೀ ಎಚ್‌ಪಿಯಿಂದ ನೀರು ಎಷ್ಟು ಬರುತ್ತದೆಂದು ಹೇಳಲಾಗದು. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಮನೆಗಳಿಗೆ ಕಂಪ್ಯೂಟರ್ ಬಂದಾಗಲೂ ಇಂಥದ್ದೇ ಜಗಳ. ಅಲ್ಲಿ ಎಚ್‌ಪಿ ಬದಲು ಮೆಗಾಹರ್ಟ್ಸ್.

1982ರಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್‌ನಲ್ಲಿ ಝಡ್80 ಪ್ರೊಸೆಸರ್, ವೇಗ 3.5 ಮೆಗಾಹರ್ಟ್ಸ್. ಅದೇ ವರ್ಷದ ಕಮೊಡೋರ್ 64ರಲ್ಲಿ 6510, ವೇಗ ಹೆಚ್ಚೂಕಡಿಮೆ 1. ಬಿಬಿಸಿ ಮೈಕ್ರೋದಲ್ಲಿ 6502, ವೇಗ 2. ಅಂಕಿ ನೋಡಿದರೆ ಸ್ಪೆಕ್ಟ್ರಮ್ ಗೆದ್ದಾಯಿತು. ಅಂಕಿ ಕಂಡೊಡನೆ ತಲೆಬರಹ ಮಾಡಿ ಆಮೇಲೆ ಡೆಸ್ಕಿನಿಂದ ಬೈಸಿಕೊಂಡ ನಮಗೆ ಈ ಚಪಲ ಚೆನ್ನಾಗಿ ಗೊತ್ತು.

ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ ಗಡಿಯಾರ ಎಷ್ಟು ದಶಲಕ್ಷ ಸಲ ಬಡಿಯುತ್ತದೆ ಎಂಬ ಲೆಕ್ಕ. ಒಂದು ಬಡಿತಕ್ಕೆ ಎಷ್ಟು ಕೆಲಸ ಎಂಬುದು ಅದರಲ್ಲಿಲ್ಲ. ಝಡ್80ಗೆ ಅತಿ ಚಿಕ್ಕ ಆಜ್ಞೆಗೂ 4 ಬಡಿತ ಬೇಕು. 6502 ಮತ್ತು ಅದರ ತಮ್ಮನಂಥ 6510ಕ್ಕೆ 2 ಸಾಕು. ಭಾಗಿಸಿ ನೋಡಿದೆವು: ಸೆಕೆಂಡಿಗೆ ಹೆಚ್ಚೆಂದರೆ ಸ್ಪೆಕ್ಟ್ರಮ್ 8.75 ಲಕ್ಷ ಆಜ್ಞೆ, ಕಮೊಡೋರ್ ಸುಮಾರು 5 ಲಕ್ಷ, ಬಿಬಿಸಿ 10 ಲಕ್ಷ. ಮೂರೂವರೆಯನ್ನು ಎರಡು ಹಿಂದೆ ಹಾಕಿತು!

ಇದೂ ಪೂರ್ತಿ ನ್ಯಾಯವಲ್ಲ. 16 ಬಿಟ್‌ನ ಎರಡು ಸಂಖ್ಯೆ ಕೂಡಲು ಝಡ್80ಗೆ ಒಂದೇ ಆಜ್ಞೆ ಸಾಕು, 6502ಕ್ಕೆ ಹಲವು ಬೇಕು. ಜೊತೆಗೆ ಸ್ಪೆಕ್ಟ್ರಮ್, ಕಮೊಡೋರ್ ಎರಡರಲ್ಲೂ ಪರದೆಗೆ ಚಿತ್ರ ಕಳಿಸುವ ಚಿಪ್ ಆಗಾಗ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತಿತ್ತು. ಬಿಬಿಸಿಯ ಮೆಮೊರಿ ದುಪ್ಪಟ್ಟು ವೇಗದ್ದು. ಸರದಿ ಪ್ರಕಾರ ಇಬ್ಬರಿಗೂ ಸಿಗುತ್ತಿತ್ತು, ಯಾರೂ ಕಾಯಬೇಕಿರಲಿಲ್ಲ.

ಹಾಗಾದರೆ ಓಡಿಸಿಯೇ ನೋಡಬೇಕಲ್ಲ? 1977ರಲ್ಲಿ ಅಮೆರಿಕದ ಕಿಲೋಬಾಡ್ ಪತ್ರಿಕೆಯಲ್ಲಿ ರಗ್ ಮತ್ತು ಫೆಲ್ಡ್‌ಮನ್ ಬೇಸಿಕ್ ಭಾಷೆಯ ಪುಟ್ಟ ಪರೀಕ್ಷೆಗಳನ್ನು ಪ್ರಕಟಿಸಿದ್ದರು. ಬ್ರಿಟನ್ನಿನ ಪತ್ರಿಕೆಗಳೂ ಹೊಸ ಯಂತ್ರಗಳನ್ನು ಅವುಗಳಿಂದಲೇ ಅಳೆದವು. ಬಿಬಿಸಿ ಬಹಳ ಮುಂದೆ. ಮೂವರಲ್ಲಿ ಒಟ್ಟಾರೆ ಕೊನೆಗೆ ಉಳಿದದ್ದು 3.5ರ ಸ್ಪೆಕ್ಟ್ರಮ್. ಆದರೆ ಅಲ್ಲಿ ಪಾಸು-ಫೇಲಾದದ್ದು ಪ್ರೊಸೆಸರ್ ಒಂದೇ ಅಲ್ಲ, ಬೇಸಿಕ್ ಬರೆದವರ ಕೈಚಳಕವೂ ಹೌದು. ಬಿಬಿಸಿಯ ಬೇಸಿಕ್ ಸೋಫಿ ವಿಲ್ಸನ್ ಅವರದ್ದು, ನಿಜಕ್ಕೂ ಚುರುಕು. ಬೇಸಿಕ್ ಬಿಟ್ಟು ನೇರ ಯಂತ್ರಭಾಷೆಯಲ್ಲಿ ಬರೆದ ಆಟಗಳಲ್ಲಿ ಕಥೆಯೇ ಬೇರೆ: 1987ರ ತ್ರೀಡಿ ಆಟ ಡ್ರಿಲ್ಲರ್ ಕಮೊಡೋರ್‌ನಲ್ಲಿ ತೆವಳುತ್ತಿತ್ತು, ಸ್ಪೆಕ್ಟ್ರಮ್‌ನಲ್ಲಿ ಅದಕ್ಕಿಂತ ಸಲೀಸಾಗಿ ಓಡುತ್ತಿತ್ತು.

ಶುರುವಿನಲ್ಲಿ ಸ್ಪೆಕ್ಟ್ರಮ್ ಬೆಲೆ 125 ಪೌಂಡ್, 48ಕೆ ಮಾದರಿಗೆ 175. ಬಿಬಿಸಿಯ ಬಿ ಮಾದರಿಗೆ 399. ಎರಡು ಪಟ್ಟಿಗೂ ಹೆಚ್ಚು ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಚಿಕ್ಕ ಅಂಕಿ, ಚುರುಕು ಯಂತ್ರ. 1984ರಲ್ಲಿ ಕ್ಲಾಸ್ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದೂ ಅದೇ ಬಿಬಿಸಿ.